ಬೈಕ್ ಎಂಜಿನ್‌ಗೆ ಆಯಿಲ್ ಅಡಿಟಿವ್: ಹಾಕಬಹುದಾ, ಹಾಕಿದ್ರೆ ಕ್ಲಚ್ ಗತಿ ಏನು?

ನೀಲಿಟ್ಯಾಂಕ್:
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ 150 ಸಿಸಿ ಬೈಕ್ ಇದೆ. ಏರ್ ಕೂಲ್ಡ್, ಕಾರ್ಬ್ಯುರೇಟರ್ ಗಾಡಿ. ಓಡೋದರಲ್ಲಿ ತಕರಾರಿಲ್ಲ. ಆದರೆ ರಾತ್ರಿಯೆಲ್ಲ ನಿಂತು ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಸೈಲೆನ್ಸರ್‌ನಿಂದ ಒಂದು ಸಲ ನೀಲಿ ಹೊಗೆ ಬುಸ್ ಅಂತ ಬರುತ್ತೆ, ಆಮೇಲೆ ನಿಂತುಹೋಗುತ್ತೆ. ಹೆಡ್ ಕಡೆಯಿಂದ ಟಕ ಟಕ ಸದ್ದು ಇದೆ. ಒಂದು ಸರ್ವಿಸ್‌ನಿಂದ ಇನ್ನೊಂದಕ್ಕೆ ಆಯಿಲ್ ಸ್ವಲ್ಪ ಇಳಿದಿರುತ್ತೆ.

ಗೆಳೆಯ ತನ್ನ ಕಾರಿಗೆ ತಂದ "ಎಂಜಿನ್ ಟ್ರೀಟ್‌ಮೆಂಟ್" ಬಾಟಲಿಯಲ್ಲಿ ಅರ್ಧ ಉಳಿಸಿ ಕೊಟ್ಟಿದ್ದಾನೆ. ಘರ್ಷಣೆ ಕಮ್ಮಿ, ಸದ್ದು ಕಮ್ಮಿ, ಮೈಲೇಜ್ ಜಾಸ್ತಿ, ಲೋಹದ ಮೇಲೆ ಶಾಶ್ವತ ಪದರ ಅಂತೆಲ್ಲ ಲೇಬಲ್ ಮೇಲಿದೆ. ಬೈಕ್‌ಗೆ ಎಷ್ಟು ಹಾಕಬೇಕು ಅಂತ ಮಾತ್ರ ಎಲ್ಲೂ ಇಲ್ಲ. ಹಾಕಬಹುದಾ?

ಸ್ಪ್ಯಾನರ್ 14:
ಸದ್ಯಕ್ಕೆ ಹಾಕಬೇಡಿ. ಕಾರಣ ಹೇಳ್ತೀನಿ.

ಕಾರಿನ ಎಂಜಿನ್ ಆಯಿಲ್ ಎಂಜಿನ್ ಒಳಗಷ್ಟೇ ಓಡಾಡುತ್ತೆ. ಕ್ಲಚ್ ಹೊರಗೆ ಒಣಗಿರುತ್ತೆ, ಗೇರ್‌ಬಾಕ್ಸ್‌ಗೆ ಬೇರೆ ಆಯಿಲ್. ನಿಮ್ಮಂಥ ಬಹುಪಾಲು ಗೇರ್ ಬೈಕ್‌ಗಳಲ್ಲಿ ಪಿಸ್ಟನ್, ಕ್ಯಾಮ್, ಗೇರ್, ಕ್ಲಚ್ ಎಲ್ಲದಕ್ಕೂ ಅದೇ ಒಂದು ಲೀಟರ್ ಚಿಲ್ಲರೆ ಆಯಿಲ್. ಪಿಸ್ಟನ್‌ಗೆ ಜಾರಿಕೆ ಬೇಕು, ಕ್ಲಚ್‌ಗೆ ಹಿಡಿತ ಬೇಕು. ಎಲ್ಲಾ ಕಡೆ ಜಾರಿಸ್ತೀನಿ ಅನ್ನೋ ಬಾಟಲಿ ಕ್ಲಚ್ ಪ್ಲೇಟ್ ನೋಡಿ ದಾರಿ ಬಿಟ್ಟು ಹೋಗಲ್ಲ.

ಅಂಥ ಗಾಡಿ ಬಿಚ್ಚಿದಾಗ ಕಾಣೋದು ಹೀಗೆ: ಕ್ಲಚ್ ಕವರ್ ತೆಗೆದು ಸ್ಪ್ರಿಂಗ್ ಕಳಚಿದರೆ, ಒರಟಾಗಿ ಮಂಕಾಗಿ ಇರಬೇಕಾದ ಫ್ರಿಕ್ಷನ್ ಪ್ಲೇಟ್ ಗಾಜಿನ ಹಾಗೆ ಮಿಂಚ್ತಿರುತ್ತೆ. ನಡುವಿನ ಉಕ್ಕಿನ ಪ್ಲೇಟ್ ಮೇಲೆ ನೀಲಿ ಕಲೆ, ಅಂದ್ರೆ ಜಾರಿ ಜಾರಿ ಕಾದಿದೆ ಅಂತ. ದಪ್ಪ ಅಳೆದರೆ ಪ್ಲೇಟ್ ಸವೆದೇ ಇರಲ್ಲ. ಹಿಡಿತ ಮಾತ್ರ ಹೋಗಿರುತ್ತೆ.

ಉದ್ದದಾರಿ:
ಸ್ಪ್ಯಾನರ್ ಅಣ್ಣ, ಗೌರವ ಇಟ್ಕೊಂಡೇ ಹೇಳ್ತೀನಿ, ಇದು ಸ್ವಲ್ಪ ಹೆದರಿಸೋ ಮಾತು. ನಾನು ಹಲವು ವರ್ಷದಿಂದ ಪ್ರತಿ ಆಯಿಲ್ ಚೇಂಜ್‌ಗೂ ಮಾಲಿಬ್ಡಿನಂ ಇರೋ ಅಡಿಟಿವ್ ಹಾಕ್ತಾ ಬಂದಿದ್ದೀನಿ. ಲಗೇಜ್ ಕಟ್ಕೊಂಡು ಘಾಟಿ ಹತ್ತಿಸಿದ್ದೀನಿ, ಕ್ಲಚ್ ಒಂದು ದಿನ ಜಾರಿಲ್ಲ. ಎಂಜಿನ್ ಸದ್ದು ನುಣ್ಣಗಾಗಿದೆ, ಗೇರ್ ಬೆಣ್ಣೆ. ಬಳಸದೇ ಇರೋರೇ ಜಾಸ್ತಿ ಬೈಯ್ಯೋದು.

ಎಣ್ಣೆಗಣಿತ:
ಲ್ಯೂಬ್ರಿಕೆಂಟ್ ಬ್ಲೆಂಡಿಂಗ್ ಕೆಲಸದಲ್ಲಿ ಇದ್ದವನು ನಾನು. ಇಬ್ಬರ ಮಾತಲ್ಲೂ ನಿಜ ಇದೆ, ಆದರೆ ಉದ್ದದಾರಿಯವರ ಅನುಭವದಿಂದ ನೀಲಿಟ್ಯಾಂಕ್ ಅವರು ಪಾಠ ತಗೊಳ್ಳೋ ಹಾಗಿಲ್ಲ.

ಡಬ್ಬಿಯಲ್ಲಿ ಬರೋ ಆಯಿಲ್ ಬರೀ ಎಣ್ಣೆ ಅಲ್ಲ. ಅದರಲ್ಲಿ ಶೇಕಡ 10ರಿಂದ 25ರವರೆಗೆ ಆಗಲೇ ಅಡಿಟಿವ್‌ಗಳೇ. ಮಸಿ ತೊಳೆದು ಆಮ್ಲ ಕೊಲ್ಲೋಕೆ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಡಿಟರ್ಜೆಂಟ್, ಕೊಳೆ ಗಂಟು ಕಟ್ಟದ ಹಾಗೆ ತೇಲಿಸಿಡೋಕೆ ಡಿಸ್ಪರ್ಸೆಂಟ್, ಬಿಸಿಯಲ್ಲಿ ತೀರಾ ತೆಳುವಾಗದಂತೆ ಪಾಲಿಮರ್, ನೊರೆ ತಡೆಯೋಕೆ ಚಿಟಿಕೆ ಸಿಲಿಕೋನ್, ಸವೆತಕ್ಕೆ ಜಿಂಕ್ ಡೈಆಲ್ಕೈಲ್ ಡೈಥಿಯೋಫಾಸ್ಫೇಟ್, ಚಿಕ್ಕದಾಗಿ ಝಡ್‌ಡಿಡಿಪಿ. ಬಿಸಿ ಮತ್ತು ಒತ್ತಡ ಬಿದ್ದ ಜಾಗದಲ್ಲಿ ಝಡ್‌ಡಿಡಿಪಿ ಒಡೆದು ಲೋಹದ ಮೇಲೆ ಗಾಜಿನಂಥ ಫಾಸ್ಫೇಟ್ ಪದರ ಕಟ್ಟುತ್ತೆ. ದಪ್ಪ ಅಂದ್ರೆ ಮೀಟರಿನ ಕೋಟಿಯಲ್ಲೊಂದು ಪಾಲಿನಷ್ಟು. ಅದು ಸವೆಯುತ್ತೆ, ಮತ್ತೆ ಕಟ್ಟುತ್ತೆ. ಶಾಶ್ವತ ಪದರ ಅನ್ನೋದು ಎಂಜಿನ್ ಒಳಗೆ ಇಲ್ಲವೇ ಇಲ್ಲ.

ತೊಂದರೆ ಏನಂದ್ರೆ ಈ ಪೈಕಿ ಹಲವು ಅಣುಗಳಿಗೆ ಬೇಕಾಗಿರೋದು ಅದೇ ಲೋಹದ ಮೇಲ್ಮೈ. ಹೊರಗಿನಿಂದ ಇನ್ನೊಂದು ಪ್ರಬಲ ರಸಾಯನ ಸುರಿದ್ರೆ ಒಂದೇ ಸೀಟಿಗೆ ನಾಲ್ಕು ಜನ ಟವೆಲ್ ಹಾಕಿದಂಗೆ. ಯಾರು ಕೂತ್ರು, ಯಾರು ಎದ್ದುಹೋದ್ರು ಅಂತ ಪರೀಕ್ಷೆ ಮಾಡದೆ ಹೇಳೋಕಾಗಲ್ಲ. ಆಯಿಲ್ ತಯಾರಕರು ತಮ್ಮ ಮಿಶ್ರಣವನ್ನ ಪರೀಕ್ಷೆ ಮಾಡಿರ್ತಾರೆ. ಅವರ ಆಯಿಲ್ ಪ್ಲಸ್ ನಿಮ್ಮ ಗೆಳೆಯನ ಅರ್ಧ ಬಾಟಲಿ ಅನ್ನೋ ಮಿಶ್ರಣವನ್ನ ಯಾರೂ ಮಾಡಿರಲ್ಲ.

ಬೈಕ್‌ಗೆ ಅಂತಲೇ ಜಪಾನಿನ ಜಾಸೊ ಮಾನದಂಡ ಹುಟ್ಟಿದ್ದು ಇದೇ ಕಾರಣಕ್ಕೆ. 1990ರ ದಶಕದಲ್ಲಿ ಕಾರಿನ ಆಯಿಲ್‌ಗಳು ಪೆಟ್ರೋಲ್ ಉಳಿಸೋ ನೆಪದಲ್ಲಿ ತೆಳುವಾಗ್ತಾ, ಜಾರುಕಾರಕ ಹೆಚ್ಚಿಸ್ತಾ ಹೋದವು. ಅವನ್ನ ಬೈಕ್‌ಗೆ ಹಾಕಿದಾಗ ಕ್ಲಚ್ ಜಾರೋಕೆ ಶುರುವಾಯ್ತು. 1998ರಲ್ಲಿ ಜಾಸೊ ಟಿ903 ಬಂತು, 2006ರಲ್ಲಿ ಎಂಎ ದರ್ಜೆ ಒಳಗೇ ಎಂಎ1, ಎಂಎ2 ಅಂತ ವಿಂಗಡಣೆ ಆಯ್ತು. ಎಂಎ2ಗೆ ಕ್ಲಚ್ ಹಿಡಿತ ಹೆಚ್ಚು, ಎಂಬಿಗೆ ಕಮ್ಮಿ. ನಿಜವಾದ ಕ್ಲಚ್ ಪ್ಲೇಟ್ ಮೇಲೆ ಆ ಆಯಿಲ್ ಹಾಕಿ ಘರ್ಷಣೆ ಅಳೆದೇ ದರ್ಜೆ ಕೊಡೋದು. ಬಾಟಲಿ ಸುರಿದ ಕ್ಷಣಕ್ಕೆ ಆ ದರ್ಜೆಗೆ ಅರ್ಥ ಇಲ್ಲ.

ಇನ್ನು ಉದ್ದದಾರಿಯವರ ಮಾಲಿಬ್ಡಿನಂ. ಅದು ಎರಡು ರೂಪದಲ್ಲಿ ಸಿಗುತ್ತೆ. ಒಂದು ಕಪ್ಪು ಪುಡಿ, ಮಾಲಿಬ್ಡಿನಂ ಡೈಸಲ್ಫೈಡ್, ಎಣ್ಣೆಯಲ್ಲಿ ಕರಗಲ್ಲ, ತೇಲ್ತಿರುತ್ತೆ. ಇನ್ನೊಂದು ಎಣ್ಣೆಯಲ್ಲಿ ಕರಗೋ ಸಂಯುಕ್ತ. ಎಂಎ2 ದರ್ಜೆಯ ಕೆಲವು ಆಯಿಲ್‌ಗಳಲ್ಲೂ ಸ್ವಲ್ಪ ಮಾಲಿಬ್ಡಿನಂ ಇರುತ್ತೆ, ಕ್ಲಚ್ ಏನೂ ಆಗಲ್ಲ. ಹಾಗಾಗಿ ಹೆಸರು ಕೇಳಿಯೇ ವಿಷ ಅನ್ನೋದು ತಪ್ಪು. ಯಾವ ರೂಪ, ಎಷ್ಟು ಪ್ರಮಾಣ, ಕ್ಲಚ್ ಸ್ಪ್ರಿಂಗ್ ಎಷ್ಟು ಗಟ್ಟಿ, ಪ್ಲೇಟ್ ಯಾವುದರದ್ದು, ಇವೆಲ್ಲ ಸೇರಿ ತೀರ್ಮಾನ ಆಗೋದು. ನಿಮ್ಮ ಗಾಡಿ ತಡ್ಕೊಂಡಿದೆ. ಎಲ್ಲರದ್ದೂ ತಡ್ಕೊಳ್ಳುತ್ತೆ ಅಂತೇನಿಲ್ಲ.

ಉದ್ದದಾರಿ:
ಒಪ್ಕೊಳ್ಳೋಣ. ಆದರೆ ಅಷ್ಟು ದೊಡ್ಡ ಕಂಪನಿಗಳು ಸುಮ್ನೆ ಮಾರ್ತಾವಾ? ಮೇಳಗಳಲ್ಲಿ ಮೆಷಿನ್ ಇಟ್ಟು ಕಣ್ಣೆದುರಿಗೇ ತೋರಿಸ್ತಾರಲ್ಲ: ತಿರುಗೋ ರಿಂಗ್ ಮೇಲೆ ಬೇರಿಂಗ್ ಒತ್ತಿದ್ರೆ ಮಾಮೂಲಿ ಆಯಿಲ್‌ನಲ್ಲಿ ಕಿರ್ರ್ ಅಂತ ಜಾಮ್. ಅವರ ದ್ರವ ನಾಲ್ಕು ಹನಿ ಬಿದ್ದ ಮೇಲೆ ಎಷ್ಟು ಭಾರ ನೇತುಹಾಕಿದ್ರೂ ತಿರುಗ್ತಾನೇ ಇರುತ್ತೆ.

ಸ್ಪ್ಯಾನರ್ 14:
ಆ ಮೆಷಿನ್‌ಗೆ ಆ ನಾಲ್ಕು ಹನಿ ಬದಲು ತಲೆಗೆ ಹಾಕೋ ಶಾಂಪೂ ಹಾಕಿ ನೋಡಿ. ಎಷ್ಟೋ ಶಾಂಪೂ ಪಾಸಾಗ್ತವೆ. ಹಾಗಂತ ಎಂಜಿನ್‌ಗೆ ಶಾಂಪೂ ಸುರೀತೀರಾ?

ಎಣ್ಣೆಗಣಿತ:
ಸ್ಪ್ಯಾನರ್ ಅವರು ತಮಾಷೆಗೆ ಹೇಳಿದ್ದಲ್ಲ, ಅದು ಸತ್ಯ. ಆ ಮೆಷಿನ್ ಟಿಮ್ಕೆನ್ ಪರೀಕ್ಷೆಯ ಅಗ್ಗದ ನಕಲು. ಅತಿ ಒತ್ತಡದಲ್ಲಿ ಒಂದು ಬಿಂದುವಿನಲ್ಲಿ ಉಜ್ಜೋ ಪರಿಸ್ಥಿತಿ, ಗ್ರೀಸ್ ಮತ್ತು ಗೇರ್ ಆಯಿಲ್‌ಗೆ ಸರಿ. ಅಲ್ಲಿ ಗೆಲ್ಲೋದು ಕ್ಲೋರಿನ್ ಸೇರಿಸಿದ ಪ್ಯಾರಾಫಿನ್‌ನಂಥ ವಸ್ತು. ಬಿಸಿಯಾದಾಗ ಕಬ್ಬಿಣದ ಜತೆ ಕೂಡಿ ಜಾರೋ ಪದರ ಕಟ್ಟುತ್ತೆ. ಎಂಜಿನ್ ಒಳಗೆ ಅದೇ ಕ್ಲೋರಿನ್ ತೇವದ ಜತೆ ಸೇರಿದ್ರೆ ಹೈಡ್ರೋಕ್ಲೋರಿಕ್ ಆಮ್ಲ. ಗಾಡಿ ತಿಂಗಳುಗಟ್ಟಲೆ ನಿಂತಿದ್ರೆ ಬೇರಿಂಗ್ ಕೊರೆಯುತ್ತೆ.

ಎಂಜಿನ್ ಒಳಗಿನ ಪರಿಸ್ಥಿತಿಯೇ ಬೇರೆ. ಪ್ಲೇನ್ ಬೇರಿಂಗ್ ಇರೋ ಎಂಜಿನ್‌ನಲ್ಲಿ ಕ್ರ್ಯಾಂಕ್ ತಿರುಗುವಾಗ ಆಯಿಲ್ ಪದರದ ಮೇಲೆ ತೇಲ್ತಿರುತ್ತೆ, ಲೋಹಕ್ಕೆ ಲೋಹ ತಗಲೋದೇ ಇಲ್ಲ. ಅಲ್ಲಿ ಬೇಕಾಗಿರೋದು ಸರಿಯಾದ ದಪ್ಪದ ಆಯಿಲ್ ಮತ್ತು ಸರಿಯಾದ ಮಟ್ಟ ಅಷ್ಟೇ. ಕ್ಯಾಮ್ ಮೇಲೆ, ರಿಂಗ್ ತಿರುಗಿ ನಿಲ್ಲೋ ತುದಿಯಲ್ಲಿ ಮಾತ್ರ ಲೋಹ ಲೋಹಕ್ಕೆ ತಗಲೋ ಸಂದರ್ಭ ಇರೋದು. ಅಲ್ಲಿ ಝಡ್‌ಡಿಡಿಪಿ ಕಾಯ್ತಾ ಕೂತಿರುತ್ತೆ.

ದೊಡ್ಡ ಕಂಪನಿ ಸುಮ್ನೆ ಮಾರುತ್ತಾ ಅಂದ್ರಲ್ಲ. 1996ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸ್ಲಿಕ್ 50 ಜಾಹೀರಾತುಗಳ ಮೇಲೆ ದೂರು ದಾಖಲಿಸ್ತು. ಟೆಫ್ಲಾನ್ ಅಂತ ನಾವು ಕರೆಯೋ ಪಿಟಿಎಫ್‌ಇ ಪುಡಿಯ ಟ್ರೀಟ್‌ಮೆಂಟ್ ಅದು. ಇದನ್ನ ಹಾಕದಿದ್ರೆ ಸ್ಟಾರ್ಟ್ ಮಾಡುವಾಗ ಎಂಜಿನ್‌ಗೆ ರಕ್ಷಣೆಯೇ ಇಲ್ಲ ಅನ್ನೋ ಧಾಟಿಯ ಜಾಹೀರಾತುಗಳು. ಮಾಮೂಲಿ ಎಂಜಿನ್ ಆಯಿಲ್ಲೇ ಬಹುತೇಕ ಎಂಜಿನ್‌ಗಳಿಗೆ ಸಾಕಾಗುವಷ್ಟು ರಕ್ಷಣೆ ಕೊಡುತ್ತೆ ಅಂತ ಆಯೋಗ ಹೇಳ್ತು. 1997ರಲ್ಲಿ ರಾಜಿ ಆಗಿ, ಆಧಾರ ಇಲ್ಲದ ಮಾತು ಜಾಹೀರಾತಲ್ಲಿ ಹೇಳಬಾರದು ಅಂತ ಆಯ್ತು. ಆಮೇಲೆ ಡ್ಯೂರಾ ಲೂಬ್, ಝೀಮ್ಯಾಕ್ಸ್ ಥರದ ಹೆಸರುಗಳ ಮೇಲೂ ಅದೇ ಆಯೋಗ ಕ್ರಮ ತಗೊಂಡಿದೆ. ಮಾರಾಟ ಆಗ್ತಿದೆ ಅನ್ನೋದು ಪುರಾವೆ ಅಲ್ಲ.

ಅಂದಹಾಗೆ ಪಿಟಿಎಫ್‌ಇ ಕರಗೋದೇ 327 ಡಿಗ್ರಿ ಸೆಲ್ಸಿಯಸ್‌ಗೆ. ಅದನ್ನ ಲೋಹಕ್ಕೆ ಅಂಟಿಸಬೇಕಾದ್ರೆ ಮೇಲ್ಮೈ ಒರಟು ಮಾಡಿ, ಆ ಬಿಸಿಗಿಂತ ಮೇಲೆ ಬೇಯಿಸಬೇಕು. ಓಡ್ತಿರೋ ಎಂಜಿನ್‌ನ ಸಂಪ್‌ನಲ್ಲಿ ಆ ಬಿಸಿ ಬಂತು ಅಂದ್ರೆ ಪದರದ ಯೋಚನೆ ಬಿಡಿ, ಎಂಜಿನ್ನೇ ಉಳಿದಿರಲ್ಲ.

ಉದ್ದದಾರಿ:
ಸರಿ, ಶಾಶ್ವತ ಪದರ ಬಿಟ್ಟೆ. ಆದರೆ ಸದ್ದು ಕಮ್ಮಿ ಆಗಿದ್ದು ನನ್ನ ಕಿವಿಗೆ ಕೇಳಿಸಿದೆ. ಮೈಲೇಜ್ ಕೂಡ ಎರಡು ಮೂರು ಕಿಲೋಮೀಟರ್ ಏರಿದೆ. ಅದೂ ಸುಳ್ಳಾ?

ಎಣ್ಣೆಗಣಿತ:
ಸದ್ದು ಸುಳ್ಳಲ್ಲ. ಬಹಳ ಟ್ರೀಟ್‌ಮೆಂಟ್‌ಗಳಲ್ಲಿ ಇರೋದು ಜೇನಿನಂಥ ದಪ್ಪ ಪಾಲಿಮರ್. ಆಯಿಲ್ ದಪ್ಪ ಆದ್ರೆ ಸಂದುಗಳಲ್ಲಿ ಬಡಿತ ಮೆತ್ತಗಾಗುತ್ತೆ. 20ಡಬ್ಲ್ಯೂ-50 ಅನ್ನೋ ದಪ್ಪ ದರ್ಜೆಯ ಆಯಿಲ್ ಹಾಕಿದ್ರೂ ಅಷ್ಟೇ ಆಗೋದು. ಸದ್ದು ಮುಚ್ಚಿಕೊಳ್ಳುತ್ತೆ, ಸಂದು ಹಾಗೇ ಇರುತ್ತೆ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಆ ದಪ್ಪ ಆಯಿಲ್ ಹೆಡ್‌ವರೆಗೆ ಏರೋಕೆ ತಡ ಆಗೋದು ಮಾತ್ರ ಲಾಭದ ಲೆಕ್ಕಕ್ಕೆ ಬರಲ್ಲ.

ಮೈಲೇಜ್ ವಿಷಯದಲ್ಲಿ ನನಗೆ ಅನುಮಾನ ಇದೆ. ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಹಾಕೋ ಪದ್ಧತಿಯಲ್ಲಿ, ಪೆಟ್ರೋಲ್ ಕುತ್ತಿಗೆವರೆಗೆ ಬಂತಾ, ಗಾಡಿ ಸೈಡ್ ಸ್ಟ್ಯಾಂಡ್ ಮೇಲಿತ್ತಾ ನೆಟ್ಟಗಿತ್ತಾ, ಟೈರಿಗೆ ಗಾಳಿ ಎಷ್ಟಿತ್ತು, ಎದುರುಗಾಳಿ ಇತ್ತಾ ಅನ್ನೋದರ ಮೇಲೇ ಎರಡು ಮೂರು ಕಿಲೋಮೀಟರ್ ಆ ಕಡೆ ಈ ಕಡೆ ಆಗುತ್ತೆ. ಅದರ ಮೇಲೆ ಅಡಿಟಿವ್ ಹಾಕೋ ದಿನ ಹಳೇ ಆಯಿಲ್ ಬಿಟ್ಟು ಹೊಸದು ಹಾಕಿರ್ತೀರಿ, ಚೈನ್ ಬಿಗಿ ಮಾಡಿರ್ತೀರಿ, ಏರ್ ಫಿಲ್ಟರ್ ಊದಿರ್ತೀರಿ. ಹೆಸರು ಬಾಟಲಿಗೆ ಹೋಗುತ್ತೆ. ಬಾಟಲಿ ಹಾಕಿದ ಮೇಲೆ ಎಲ್ಲರೂ ಆಕ್ಸಿಲೇಟರ್ ಸ್ವಲ್ಪ ಮೆಲ್ಲಗೆ ತಿರುಗಿಸ್ತಾರೆ, ಅದೂ ಒಂದು.

ಸ್ಪ್ಯಾನರ್ 14:
ಮೂಲ ಪ್ರಶ್ನೆಗೆ ಬರೋಣ, ನೀಲಿಟ್ಯಾಂಕ್ ಅವರು ಕಾಯ್ತಿದ್ದಾರೆ.

ಬೆಳಗ್ಗೆ ಒಂದೇ ಸಲ ಹೊಗೆ ಬಂದು ನಿಲ್ಲೋದು ವಾಲ್ವ್ ಸೀಲ್ ಲಕ್ಷಣ. ರಾತ್ರಿ ಹೆಡ್‌ನಲ್ಲಿ ನಿಂತ ಆಯಿಲ್ ಗಟ್ಟಿಯಾದ ಸೀಲ್ ಪಕ್ಕದಿಂದ ವಾಲ್ವ್ ಕಾಂಡದ ಮೇಲೆ ಇಳಿದು ಒಳಗೆ ಸೇರುತ್ತೆ, ಸ್ಟಾರ್ಟ್ ಮಾಡಿದ ತಕ್ಷಣ ಉರಿದುಹೋಗುತ್ತೆ. ಇಳಿಜಾರಲ್ಲಿ ಆಕ್ಸಿಲೇಟರ್ ಬಿಟ್ಟು ಇಳಿದು, ಕೆಳಗೆ ಬಂದು ಮತ್ತೆ ತಿರುಗಿಸಿದಾಗ ಒಂದು ಬುಸ್ ಬಂದ್ರೆ ಅದೂ ಅದೇ. ಎಳೆಯುವಾಗ, ಏರು ಹತ್ತುವಾಗ ಬಿಡದೆ ಹೊಗೆ ಬಂದ್ರೆ ಮಾತ್ರ ರಿಂಗ್, ಬೋರ್ ಕಡೆ ನೋಡಬೇಕು. ಖಾತ್ರಿ ಬೇಕಿದ್ರೆ ಕಂಪ್ರೆಷನ್ ಗೇಜ್ ಹಾಕಿ ನೋಡಿಸಿ. ಆಮೇಲೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿಸಿ. ಅಂಕಿ ಚೆನ್ನಾಗಿ ಏರಿದ್ರೆ ರಿಂಗ್ ಸವೆದಿದೆ. ಏರದಿದ್ರೆ ರಿಂಗ್ ಪರವಾಗಿಲ್ಲ.

ಟಕ ಟಕ ಸದ್ದಿಗೆ ಮೊದಲು ಟ್ಯಾಪೆಟ್, ಅಂದ್ರೆ ರಾಕರ್‌ಗೂ ವಾಲ್ವ್ ತುದಿಗೂ ನಡುವಿನ ಸಂದು ನೋಡಿ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಮ್ಯಾಗ್ನೆಟ್ ಮೇಲಿನ ಟಿ ಗುರುತನ್ನ ಕಿಂಡಿಯ ಗೀಟಿಗೆ ಸರಿಯಾಗಿ ತಂದು, ಎರಡೂ ರಾಕರ್ ಅಲ್ಲಾಡ್ತಿದ್ಯಾ ನೋಡಿ. ಅಲ್ಲಾಡದಿದ್ರೆ ಇನ್ನೊಂದು ಸುತ್ತು ತಿರುಗಿಸಿ. ಫೀಲರ್ ಗೇಜ್ ತೂರಿಸಿ ಎಳೆದಾಗ ಲೈಟಾಗಿ ಹಿಡಿದಂಗೆ ಇರಬೇಕು. ಸಣ್ಣ ಬೈಕ್‌ಗಳಲ್ಲಿ ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಆಸುಪಾಸು. ನಿಮ್ಮ ಗಾಡಿಯ ಪುಸ್ತಕದಲ್ಲಿರೋ ಅಂಕಿಯೇ ಕೊನೇ ಮಾತು. ಸದ್ದಿರಬಾರದು ಅಂತ ತೀರಾ ಬಿಗಿ ಮಾಡಿಸಬೇಡಿ, ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತೆ. ಟ್ಯಾಪೆಟ್ ಸರಿಯಿದ್ದೂ ಸದ್ದಿದ್ರೆ ಟೈಮಿಂಗ್ ಚೈನ್, ಟೆನ್ಷನರ್.

ಇದರಲ್ಲಿ ಯಾವುದನ್ನ ಬಾಟಲಿ ಸರಿ ಮಾಡುತ್ತೆ ಹೇಳಿ? ಸೀಲ್ ಊದಿಸೋ ಥರದ್ದು ಸಿಗುತ್ತೆ, ಒಣಗಿ ಗಟ್ಟಿಯಾದ ರಬ್ಬರ್ ಸ್ವಲ್ಪ ದಿನ ಮೆತ್ತಗಾಗಿ ಹೊಗೆ ಕಮ್ಮಿ ಆಗಬಹುದು. ಹರಿದ ಸೀಲ್‌ಗೆ ಅದು ಏನೂ ಮಾಡಲ್ಲ. ಚೆನ್ನಾಗಿರೋ ಸೀಲ್‌ಗಳನ್ನೂ ಅದೇ ಆಯಿಲ್ ನೆನೆಸ್ತಿರುತ್ತೆ ಅನ್ನೋದು ನೆನಪಿರಲಿ.

ನೀಲಿಟ್ಯಾಂಕ್:
ತುಂಬಾ ಉಪಕಾರ ಅಣ್ಣ. ಇಳಿಜಾರಿನ ವಿಷಯ ನೀವು ಹೇಳಿದ ಮೇಲೆ ಗಮನಿಸಿದೆ, ಹೌದು, ಕೆಳಗೆ ಬಂದು ಎಳೆದಾಗ ಹೊಗೆ ಬರುತ್ತೆ. ಏರಲ್ಲಿ ಬರಲ್ಲ. ಕ್ಲಚ್ ಈಗಾಗಲೇ ಜಾರ್ತಿದ್ಯಾ ಅಂತ ತಿಳಿಯೋದು ಹೇಗೆ? ಹಿಂದಿನ ಮಾಲೀಕರು ಏನು ಸುರಿದಿದ್ರೋ ಗೊತ್ತಿಲ್ಲ.

ಸ್ಪ್ಯಾನರ್ 14:
ಖಾಲಿ ರಸ್ತೆಯಲ್ಲಿ, ಎಂಜಿನ್ ಬಿಸಿಯಾದ ಮೇಲೆ, ಟಾಪ್ ಗೇರ್‌ನಲ್ಲಿ ಮಧ್ಯಮ ವೇಗದಲ್ಲಿ ಹೋಗ್ತಾ ಆಕ್ಸಿಲೇಟರ್ ಪೂರ್ತಿ ತಿರುಗಿಸಿ. ಎಂಜಿನ್ ಕೂಗು ಏರಿ ವೇಗ ಅದಕ್ಕೆ ತಕ್ಕಂತೆ ಏರದಿದ್ರೆ ಜಾರ್ತಿದೆ. ಏರು ರಸ್ತೆಯಲ್ಲಿ ಬೇಗ ಗೊತ್ತಾಗುತ್ತೆ. ಆದರೆ ಅದಕ್ಕೂ ಮೊದಲು ಲಿವರ್ ತುದಿಯಲ್ಲಿ ಸ್ವಲ್ಪ ಸಡಿಲ ಇದ್ಯಾ ನೋಡಿ. ಕೇಬಲ್ ಬಿಗಿ ಇದ್ರೆ ಒಳ್ಳೇ ಆಯಿಲ್‌ನಲ್ಲೂ ಕ್ಲಚ್ ಜಾರುತ್ತೆ, ಸುಮ್ನೆ ಆಯಿಲ್ ಬೈಯ್ತೀರಿ.

ಅಡಿಟಿವ್‌ನಿಂದಲೇ ಜಾರ್ತಿದ್ರೆ ಒಂದು ಸಲ ಆಯಿಲ್ ಬದಲಿಸಿದ್ರೆ ಸಾಲಲ್ಲ. ಡ್ರೈನ್ ಬೋಲ್ಟ್ ಬಿಚ್ಚಿದ್ರೂ ಮೂಲೆಗಳಲ್ಲಿ ಹಳೇ ಆಯಿಲ್ ಉಳಿದಿರುತ್ತೆ. ಎಂಎ2 ಹಾಕಿ, ಸ್ವಲ್ಪ ಓಡಿಸಿ, ಮತ್ತೆ ಬಿಟ್ಟು ಹೊಸದು ಹಾಕಿ. ಕೆಲವು ಗಾಡಿ ಇದಕ್ಕೇ ದಾರಿಗೆ ಬರ್ತವೆ. ಬರದಿದ್ರೆ ಪ್ಲೇಟ್ ಸೆಟ್.

ಇನ್ನೊಂದು, ಸೆಲ್ಫ್ ಒತ್ತಿದಾಗ ಮೋಟಾರ್ ರ್‍ರ್ ಅಂತ ತಿರುಗಿ ಎಂಜಿನ್ ತಿರುಗದಿದ್ರೆ, ಆಯಿಲ್‌ನಲ್ಲಿ ಮುಳುಗಿರೋ ಸ್ಟಾರ್ಟರ್‌ನ ಒನ್‌ವೇ ಕ್ಲಚ್ ಜಾರ್ತಿರಬಹುದು. ಅದೂ ಹಿಡಿತದ ಮೇಲೇ ನಡೆಯೋದು. ಎಲ್ಲರೂ ಬ್ಯಾಟರಿ ಬದಲಿಸ್ತಾರೆ.

ಸಿವಿಟಿ ಸವಾರ:
ಮಧ್ಯೆ ಬಂದಿದ್ದಕ್ಕೆ ಬೇಜಾರಿಲ್ಲ ತಾನೇ. ನಮ್ಮ ಸ್ಕೂಟರ್‌ಗೆ ಬೆಲ್ಟ್, ಕ್ಲಚ್ ಆಯಿಲ್‌ನಲ್ಲಿ ಇಲ್ಲ. ಹಾಗಿದ್ರೆ ನಾವು ಧಾರಾಳವಾಗಿ ಹಾಕಬಹುದಾ? ಸರ್ವಿಸ್‌ನಲ್ಲಿ "ಎಂಜಿನ್ ಫ್ಲಶ್" ಅಂತಲೂ ಕೇಳ್ತಾರೆ.

ಎಣ್ಣೆಗಣಿತ:
ಕ್ಲಚ್ ಭಯ ನಿಮಗಿಲ್ಲ, ನಿಜ. ಜಾಸೊ ಎಂಬಿ ದರ್ಜೆ ಹೆಚ್ಚಾಗಿ ಬಳಕೆಯಾಗೋದು ನಿಮ್ಮಂಥ ಗಾಡಿಗಳಲ್ಲೇ. ಆದರೆ ಆ ಎಂಬಿ ಆಯಿಲ್‌ನಲ್ಲೇ ಜಾರಿಕೆ ಆಗಲೇ ಹೆಚ್ಚಿರುತ್ತೆ, ಮೇಲೆ ಇನ್ನೊಂದು ಯಾಕೆ? ಸ್ಕೂಟರ್ ಸಂಪ್ ಇನ್ನೂ ಚಿಕ್ಕದು. ನಾಲ್ಕೈದು ಲೀಟರ್ ಕಾರಿಗೆ ಅಂತ ಅಳೆದ ಬಾಟಲಿ ಅಂದಾಜಲ್ಲಿ ಸುರಿದ್ರೆ ಪ್ರಮಾಣ ಎಲ್ಲಿಗೋ ಹೋಗುತ್ತೆ. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ರೆ ಕ್ರ್ಯಾಂಕ್ ಕಡೆದು ನೊರೆ, ಬ್ರೀದರ್ ಪೈಪ್‌ನಿಂದ ಏರ್ ಫಿಲ್ಟರ್‌ಗೆ ಆಯಿಲ್.

ಕ್ಲಚ್ ಲಿವರ್ ಇಲ್ಲದೆ ಕಾಲಲ್ಲಿ ಗೇರ್ ಹಾಕೋ ಗಾಡಿಗಳನ್ನ ಮಾತ್ರ ಸ್ಕೂಟರ್ ಲೆಕ್ಕಕ್ಕೆ ಸೇರಿಸಬೇಡಿ. ಅವುಗಳ ಕ್ಲಚ್ ಆಯಿಲ್ ಒಳಗೇ ಇರುತ್ತೆ.

ಫ್ಲಶ್ ಅಂದ್ರೆ ಬಹುತೇಕ ಸೀಮೆಎಣ್ಣೆ ಜಾತಿಯ ದ್ರಾವಕ. ನಿಗದಿತ ಸಮಯಕ್ಕೆ ಆಯಿಲ್ ಬದಲಿಸಿದ ಎಂಜಿನ್‌ಗೆ ಬೇಡ. ವರ್ಷಗಟ್ಟಲೆ ಬದಲಿಸದೆ ಕೆಸರು ಕಟ್ಟಿದ ಎಂಜಿನ್‌ಗೆ ಅಪಾಯ: ಒಂದೇ ಸಲ ಕಿತ್ತು ಬಂದ ಕೆಸರು ಪಂಪ್‌ನ ಜಾಲರಿಗೆ ಹೋಗಿ ಕೂರುತ್ತೆ. ಅಂಥದ್ದಕ್ಕೆ ಮಾಮೂಲಿ ಆಯಿಲ್ಲನ್ನೇ ಬೇಗ ಬೇಗ ಬದಲಿಸೋದು ಮೇಲು. ಡಿಟರ್ಜೆಂಟ್ ನಿಧಾನಕ್ಕೆ ತೊಳೆಯುತ್ತೆ.

ಹಳೇಕಿಕ್ಕರ್:
ಎಲ್ಲಾ ಅಡಿಟಿವ್‌ಗೂ ಒಂದೇ ಶಾಪ ಹಾಕಬೇಡಿ ಸ್ವಾಮಿ. ನನ್ನ ಹತ್ತಿರ ಇರೋದು ಪುಷ್‌ರಾಡ್ ಎಂಜಿನ್, ಕ್ಯಾಮ್ ಮೇಲೆ ಚಪ್ಪಟೆ ಟ್ಯಾಪೆಟ್ ಉಜ್ಜುತ್ತೆ, ರೋಲರ್ ಗೀಲರ್ ಇಲ್ಲ. ಹೊಸ ಕ್ಯಾಮ್ ಕೂರಿಸಿದಾಗ ಜಿಂಕ್ ಹೆಚ್ಚಿರೋ ಬ್ರೇಕ್ ಇನ್ ಅಡಿಟಿವ್ ಹಾಕೇ ಓಡಿಸಿದ್ದು. ಈಗಿನ ಕಾರ್ ಆಯಿಲ್‌ನಲ್ಲಿ ಜಿಂಕ್ ಇಳಿಸಿಬಿಟ್ಟಿದ್ದಾರೆ.

ಎಣ್ಣೆಗಣಿತ:
ನಿಮ್ಮದು ನ್ಯಾಯವಾದ ಕಾರಣ. ಝಡ್‌ಡಿಡಿಪಿಯಲ್ಲಿ ಜಿಂಕ್ ಜತೆಗೇ ಇರೋ ಫಾಸ್ಫರಸ್, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು ಮಾಡುತ್ತೆ ಅಂತ ಕಾರಿನ ತೆಳು ದರ್ಜೆ ಆಯಿಲ್‌ಗಳಲ್ಲಿ ಅದನ್ನ 800 ಪಿಪಿಎಂಗೆ (ಹತ್ತು ಲಕ್ಷ ಪಾಲಿಗೆ 800) ಮಿತಿ ಹಾಕಿದ್ರು. ಹೊಸ ಕ್ಯಾಮ್ ಮತ್ತು ಚಪ್ಪಟೆ ಟ್ಯಾಪೆಟ್ ಒಂದಕ್ಕೊಂದು ಹೊಂದಿಕೊಳ್ಳೋ ಹೊತ್ತಲ್ಲಿ ಝಡ್‌ಡಿಡಿಪಿ ಹೆಚ್ಚಿದ್ರೆ ಲಾಭವೇ. ಆದರೆ ಜಾಸೊ ದರ್ಜೆಯ ಬೈಕ್ ಆಯಿಲ್‌ನಲ್ಲಿ ಫಾಸ್ಫರಸ್ ಶೇಕಡ 0.08ರಿಂದ 0.12 ಇರಲೇಬೇಕು, ಅಂದ್ರೆ 800ರಿಂದ 1200 ಪಿಪಿಎಂ. ಹೊಂದಿಕೊಂಡ ಮೇಲೆ ಆ ಆಯಿಲ್ಲೇ ಸಾಕು, ಬಾಟಲಿ ಬೇಡ.

ಹಳೇಕಿಕ್ಕರ್:
ಅದೇ ಮಾಡ್ತಿರೋದು. ನನ್ನ ಗಾಡಿಯಲ್ಲಿ ಗೇರ್‌ಬಾಕ್ಸ್ ಆಯಿಲ್ ಬೇರೆ, ಅದಕ್ಕೇ ಧೈರ್ಯ.

ಸ್ಪ್ಯಾನರ್ 14:
ಯಮಹಾ ಗಾಡಿಗಳ ಕೈಪಿಡಿ ಇದ್ದೋರು ತೆಗೆದು ನೋಡಿ. ಎಂಜಿನ್ ಆಯಿಲ್ಲೇ ಕ್ಲಚ್‌ಗೂ ಹೋಗೋದರಿಂದ ಯಾವ ರಾಸಾಯನಿಕ ಅಡಿಟಿವ್ ಕೂಡ ಬೆರೆಸಬೇಡಿ ಅಂತ ಬರೆದಿರುತ್ತೆ. "ಎನರ್ಜಿ ಕನ್ಸರ್ವಿಂಗ್" ಅಂತ ಇರೋ, ಅಂದ್ರೆ ಪೆಟ್ರೋಲ್ ಉಳಿಸೋ ಜಾತಿಯ ಆಯಿಲ್ ಬೇಡ ಅಂತಲೂ ಇರುತ್ತೆ. ಈಗ ಡಬ್ಬಿ ಹಿಂದಿನ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಗುಂಡು ಗುರುತಿನ ಕೆಳಗಡೆ "ರಿಸೋರ್ಸ್ ಕನ್ಸರ್ವಿಂಗ್" ಅಂತ ಹಾಕ್ತಾರೆ, ಅದೂ ಅದೇ ಜಾತಿ. ಗಾಡಿ ವಾರಂಟಿಯಲ್ಲಿದ್ರೆ ಅದನ್ನೂ ಯೋಚಿಸಿ.

ನೀಲಿಟ್ಯಾಂಕ್:
ಟ್ಯಾಪೆಟ್ ಸೆಟ್ ಮಾಡಿಸಿದೆ. ಎಕ್ಸಾಸ್ಟ್ ಕಡೆ ಗೇಜ್ ಆರಾಮಾಗಿ ಒಳಗೆ ಹೊರಗೆ ಹೋಗ್ತಿತ್ತು. ಬಿಗಿ ಮಾಡಿದ ಮೇಲೆ ಟಕ ಟಕ ಮುಕ್ಕಾಲು ಪಾಲು ಹೋಯ್ತು. ವಾಲ್ವ್ ಸೀಲ್‌ಗೆ ಹೆಡ್ ಇಳಿಸಬೇಕಂತೆ, ಸ್ವಲ್ಪ ತಡ ಆಗುತ್ತೆ. ಅಲ್ಲಿಯವರೆಗೆ ಓಡಿಸಬಹುದಾ?

ಸ್ಪ್ಯಾನರ್ 14:
ಓಡಿಸಿ. ಮಟ್ಟ ಮಾತ್ರ ಆಗಾಗ ನೋಡ್ತಿರಿ. ಎಂಜಿನ್ ಸ್ವಲ್ಪ ಓಡಿಸಿ ಆಫ್ ಮಾಡಿ, ಎರಡು ಮೂರು ನಿಮಿಷ ಬಿಟ್ಟು, ಗಾಡಿ ನೆಟ್ಟಗೆ ನಿಲ್ಲಿಸಿ ನೋಡಬೇಕು. ಡಿಪ್‌ಸ್ಟಿಕ್ ತಿರುಪಿ ನೋಡಬೇಕೋ ಸುಮ್ನೆ ಇಳಿಬಿಟ್ಟು ನೋಡಬೇಕೋ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ಪುಸ್ತಕ ನೋಡಿ. ಇಳಿದಿದ್ರೆ ಅದೇ ದರ್ಜೆ ಆಯಿಲ್ ಸೇರಿಸಿ. ಹೆಡ್ ಇಳಿಸಿದಾಗ ವಾಲ್ವ್ ಗೈಡ್ ಅಲ್ಲಾಡ್ತಿದ್ಯಾ ಅಂತಲೂ ನೋಡಿಸಿ. ಗೈಡ್ ಸವೆದಿದ್ರೆ ಹೊಸ ಸೀಲ್ ಬಹಳ ದಿನ ಬರಲ್ಲ.

ಉದ್ದದಾರಿ:
ನಾನು ನಿಲ್ಲಿಸಲ್ಲ, ನೇರವಾಗಿ ಹೇಳ್ತೀನಿ. ಆದರೆ ಎಣ್ಣೆಗಣಿತ ಸಾರ್, ಒಂದು ಸಲ ಅಡಿಟಿವ್ ಹಾಕಿ, ಒಂದು ಸಲ ಹಾಕದೆ, ಬಳಸಿದ ಆಯಿಲ್ ಲ್ಯಾಬ್‌ಗೆ ಕಳಿಸ್ತೀನಿ. ಆಗ ಒಪ್ತೀರಾ?

ಎಣ್ಣೆಗಣಿತ:
ಕಳಿಸಿ, ಖುಷಿಯಾಗಿ ನೋಡ್ತೀನಿ. ಆದರೆ ಒಂದೊಂದು ಸಲ ಸಾಲಲ್ಲ. ಮೊದಲ ಸ್ಯಾಂಪಲ್‌ನಲ್ಲಿ ಹಿಂದಿನ ಆಯಿಲ್ ಉಳಿಕೆ ಸೇರಿರುತ್ತೆ, ಹಾಗಾಗಿ ಎರಡೂ ಥರದಲ್ಲಿ ಮೊದಲನೇದನ್ನ ಬಿಟ್ಟು ಆಮೇಲಿನವು ಹೋಲಿಸಿ. ಒಂದೇ ಬ್ರ್ಯಾಂಡ್, ಒಂದೇ ದರ್ಜೆ, ಒಂದೇ ಕಿಲೋಮೀಟರ್ ಅಂತರ. ಎಂಜಿನ್ ಬಿಸಿ ಇರುವಾಗ ಬೋಲ್ಟ್ ಬಿಚ್ಚಿ, ಮೊದಲ ಧಾರೆ ಹೋಗಲಿ, ನಡುವಿನದ್ದು ಹಿಡಿಯಿರಿ. ಕಬ್ಬಿಣ, ಅಲ್ಯೂಮಿನಿಯಂ, ತಾಮ್ರದ ಜತೆ ಸಿಲಿಕಾನ್ ಕೂಡ ಕೇಳಿ. ಅದು ಏರಿದ್ರೆ ಫಿಲ್ಟರ್ ದಾಟಿ ಧೂಳು ಹೋಗಿದೆ, ಸವೆತದ ಲೆಕ್ಕ ಕೆಡುತ್ತೆ. ಆ ಪರೀಕ್ಷೆಗೆ ಕಾಣೋದು ಸುಮಾರು 5 ಮೈಕ್ರಾನ್‌ವರೆಗಿನ ಕಣ ಮಾತ್ರ, ದೊಡ್ಡ ಚೂರು ಲೆಕ್ಕಕ್ಕೆ ಬರಲ್ಲ. ಹಾಗಾಗಿ ಡ್ರೈನ್ ಬೋಲ್ಟ್‌ಗೆ ಮ್ಯಾಗ್ನೆಟ್ ಇದ್ರೆ ಅದಕ್ಕೆ ಅಂಟಿದ ಪುಡಿಯ ಫೋಟೋನೂ ಹಾಕಿ. ಬಳಸಿದ ಆಯಿಲ್‌ನ ದಪ್ಪ 100 ಡಿಗ್ರಿಯಲ್ಲಿ ಎಷ್ಟಿದೆ ಅಂತ ಬರೆಸ್ಕೊಳ್ಳಿ. ಗೇರ್ ಹಲ್ಲು ಪಾಲಿಮರ್ ಕತ್ತರಿಸಿ 40ರ ದಪ್ಪದ ದರ್ಜೆಯ ಆಯಿಲ್ಲನ್ನ ತೆಳುವಾದ 30ರ ದರ್ಜೆಗೆ ಇಳಿಸಿದ್ಯಾ ಅನ್ನೋದು ಅದರಲ್ಲೇ ಸಿಗುತ್ತೆ, ನನಗೆ ಕಬ್ಬಿಣಕ್ಕಿಂತ ಅದರ ಮೇಲೇ ಕುತೂಹಲ.